ಹದಿನಾರು ಪಾಯಿಂಟ್ ಆರು ಆರು

ನದಿಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಯಾರನ್ನೂ ಎರಡು ಸಲ ಕರೆಯುವ ಪದ್ಧತಿ ಇರಲಿಲ್ಲ.

ಪಾಠಕ್ಕೆ ಒಂದು ಸಲ ಹೆಸರು ಹಿಡಿದು ಕೂಗುತ್ತಿದ್ದರು, ಊಟಕ್ಕೆ ಒಂದು ಸಲ. ಬಾರದವರಿಗೆ ಆ ಹೊತ್ತಿನ ಪಾಠವೂ ಇಲ್ಲ, ಊಟವೂ ಇಲ್ಲ. ಗುರು ಬೊಮ್ಮರಸಯ್ಯನವರು ಇಟ್ಟ ನಿಯಮ ಅದು. ಕಾರಣ ಕೇಳಿದಾಗ ಉತ್ತರವನ್ನೂ ಅವರು ಒಂದೇ ಸಲ ಹೇಳಿದ್ದರಂತೆ. ಆಗ ಇದ್ದವರು ಯಾರೂ ಈಗ ಅಲ್ಲಿರಲಿಲ್ಲ.

ಇಂದುಧರ ಅಲ್ಲಿಗೆ ಬಂದು ಐದು ತಿಂಗಳಾಗಿತ್ತು. ಬಿ.ಎಸ್ಸಿ. ಮುಗಿಸಿದವನು, ಇಪ್ಪತ್ನಾಲ್ಕು ವರ್ಷ. ಅವನನ್ನು ಅಲ್ಲಿಗೆ ತಂದದ್ದು ಅವನ ಕೋಪ.

ಅವನ ತಮ್ಮ ಹಾಲೇಶ ಒಂದು ದಿನ ನೀರಿನ ಮೋಟಾರ್ ಆಫ್ ಮಾಡಲು ಮರೆತಿದ್ದ. ಟ್ಯಾಂಕ್ ತುಂಬಿ ಹರಿಯಿತು, ಇಂದುಧರನ ಪುಸ್ತಕಗಳು ನೆನೆದವು. ಇಂದುಧರ ಕೆನ್ನೆಗೆಂದು ಕೈ ಬೀಸಿದ. ಏಟು ಎಡಗಿವಿಯ ಮೇಲೆ ಬಿತ್ತು. ಆ ಕಿವಿಗೆ ಮತ್ತೆ ಏನೂ ಕೇಳಿಸಲಿಲ್ಲ.

ತಾಯಿ ಇಂದುಧರನ ಬಟ್ಟೆಯ ಚೀಲವನ್ನು ಬಾಗಿಲ ಹೊರಗಿಟ್ಟಳು.

"ಕೋಪ ಬಿಟ್ಟು ಬಾ. ಅಲ್ಲಿವರೆಗೂ ಈ ಹೊಸಿಲು ತುಳಿಯಬೇಡ."

ಇಂದುಧರ ಏನು ಮಾಡಿದರೂ ಕ್ರಮವಾಗಿ ಮಾಡುವವನು. ಕೋಪ ಬಂದಾಗಲೆಲ್ಲ ಫೋನಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ತಿಂಗಳ ಕೊನೆಗೆ ಗೆರೆಗಳನ್ನು ಕೂಡುತ್ತಿದ್ದ. ಐದನೆಯ ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಫೋನ್ ಹಿಡಿದುಕೊಂಡೇ ನದಿಗೆ ಇಳಿದು ಬಂದ. ಗುರುಗಳು ಮೆಟ್ಟಿಲ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು.

"ಅಯ್ಯನವರೇ, ಊರಿಗೆ ಹೋಗೋದಕ್ಕೆ ಅಪ್ಪಣೆ ಬೇಕು."

"ಕೋಪ ಹೋಯ್ತೇನಪ್ಪಾ?"

"ಶೇಕಡಾ ಎಪ್ಪತ್ತೈದು ಹೋಗಿದೆ."

ಗುರುಗಳು ಹಿಂಡುವುದನ್ನು ನಿಲ್ಲಿಸಿದರು. "ಎಲ್ಲಿ, ತೋರಿಸು."

"ಮೊದಲ ತಿಂಗಳು ಅರವತ್ನಾಲ್ಕು ಸಲ ಬಂದಿತ್ತು. ಕಳೆದ ತಿಂಗಳು ಹದಿನಾರು. ಕಡಿಮೆಯಾದದ್ದು ನಲವತ್ತೆಂಟು. ಅದನ್ನು ಅರವತ್ನಾಲ್ಕರಿಂದ ಭಾಗಿಸಿ ನೂರರಿಂದ ಗುಣಿಸಿದರೆ..." ಇಂದುಧರ ಒತ್ತಿದ. ಪರದೆಯನ್ನು ಅವರ ಕಡೆ ತಿರುಗಿಸಿದ. "ಎಪ್ಪತ್ತೈದು."

"ಡಿಸ್ಟಿಂಕ್ಷನ್ನು," ಎಂದರು ಗುರುಗಳು.

"ಹೌದು."

ಅಡುಗೆಯ ಸಾವಂತ್ರವ್ವ ಕೆಳಗಿನ ಮೆಟ್ಟಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಆ ಹದಿನಾರರಲ್ಲಿ ಹನ್ನೊಂದು ನನ್ನ ಮೇಲೇ ಬಂದದ್ದು, ಅಯ್ಯನವರೇ. ಮೊದಲ ತಿಂಗಳೂ ಹನ್ನೊಂದೇ. ನನ್ನ ಪಾಲಿಗೆ ಏನೂ ಇಳಿದಿಲ್ಲ."

ಇಂದುಧರನಿಗೆ ಮೈ ಉರಿಯಿತು. ಹೊಸ ತಿಂಗಳ ಮೊದಲ ಗೆರೆ ಎಳೆದುಕೊಂಡ.

"ತಮ್ಮನ ಕಿವಿ ಹೇಗಿದೆ?" ಎಂದು ಗುರುಗಳು ಕೇಳಿದರು.

"ಅದನ್ನೂ ಲೆಕ್ಕ ಹಾಕಿದ್ದೇನೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಏನೂ ಆಗಿಲ್ಲ. ಡಾಕ್ಟರುಗಳ ಲೆಕ್ಕದಲ್ಲಿ ಒಳ್ಳೆಯ ಕಿವಿಯ ನಷ್ಟವನ್ನು ಐದರಿಂದ ಗುಣಿಸಬೇಕು. ಅದು ಸೊನ್ನೆ. ಅದಕ್ಕೆ ಕೆಟ್ಟ ಕಿವಿಯ ನೂರು ಕೂಡಿಸಿ, ಆರರಿಂದ ಭಾಗಿಸಬೇಕು." ಮತ್ತೆ ಒತ್ತಿ ತೋರಿಸಿದ. "ಹದಿನಾರು ಪಾಯಿಂಟ್ ಆರು ಆರು ಪರ್ಸೆಂಟ್. ಅಷ್ಟೇ."

ಗುರುಗಳು ಕಣ್ಣು ಕಿರಿದು ಮಾಡಿ ಪರದೆ ನೋಡಿದರು. "ಇನ್ನೂ ಬೇಕಾದಷ್ಟು ಆರುಗಳಿವೆ. ಕೊನೆಯಲ್ಲಿ ಏಳು ಅಂತಿದೆ."

"ಆರು ಮುಗಿಯೋದೇ ಇಲ್ಲ, ಅಯ್ಯನವರೇ. ಜಾಗ ಸಾಲದೆ ಫೋನು ಅಲ್ಲಿಗೆ ನಿಲ್ಲಿಸಿದೆ."

"ಹಾಲೇಶ ಏನಂತಾನೆ?"

"ನನ್ನ ಫೋನ್ ಎತ್ತಲ್ಲ. ಅಮ್ಮ ಹೇಳಿದಳು, ಪೊಲೀಸ್ ಕೆಲಸದ ಆಯ್ಕೆಗೆ ಹೋಗಿದ್ದನಂತೆ. ಓಟದಲ್ಲಿ ಅವನೇ ಮೊದಲು. ಕಿವಿ ಪರೀಕ್ಷೆ ಮಾಡಿ ವಾಪಸ್ ಕಳಿಸಿದರಂತೆ. ಸರಿ, ಅಂಗವಿಕಲರ ಸರ್ಟಿಫಿಕೇಟಾದರೂ ಸಿಗಲಿ ಅಂತ ಹೋದರೆ, ನಲವತ್ತು ಪರ್ಸೆಂಟ್ ಆಗಿರಬೇಕು ಅಂದರಂತೆ."

"ಕೆಲಸಕ್ಕೆ ಹೋದರೆ ಹೆಚ್ಚಾಯ್ತು. ಸರ್ಟಿಫಿಕೇಟಿಗೆ ಹೋದರೆ ಕಡಿಮೆಯಾಯ್ತು."

"ಅದಕ್ಕೆ ನಾನೇನು ಮಾಡಲಿ?" ಇಂದುಧರನ ದನಿ ಏರಿತು. "ಒಂದೇ ಏಟು! ಅವನು ಹುಟ್ಟಿ ಹತ್ತೊಂಬತ್ತು ವರ್ಷ. ಅಂದರೆ ಆರು ಸಾವಿರದ ಒಂಬೈನೂರ ಮೂವತ್ತೈದು ದಿನ. ಅಷ್ಟರಲ್ಲಿ ಒಂದೇ ಒಂದು ದಿನ ಕೈ ಎತ್ತಿದ್ದೇನೆ. ಪಾಯಿಂಟ್ ಸೊನ್ನೆ ಒಂದು ನಾಲ್ಕು ಪರ್ಸೆಂಟ್! ಆ ಒಂದಕ್ಕೆ ನನ್ನನ್ನು ಮನೆಯಿಂದಲೇ ಹೊರಗೆ ಹಾಕಿದ್ದಾರೆ."

ಗುರುಗಳ ಮುಖ ಕೆಂಪಾಯಿತು. ಐದು ತಿಂಗಳಲ್ಲಿ ಇಂದುಧರ ಅದನ್ನು ಕಂಡಿರಲಿಲ್ಲ. ಸಾವಂತ್ರವ್ವನೂ ಪಾತ್ರೆ ಬಿಟ್ಟು ನೋಡಿದಳು.

"ಇಲ್ಲೇ ಕೂತಿರು," ಎಂದು ಹೇಳಿ ಅವರು ಒಳಗೆ ಹೋದರು. ಬರುವಾಗ ಕೈಯಲ್ಲಿ ಹತ್ತಿ ಮತ್ತು ಜೇನುಮೇಣ ಇದ್ದವು. ಮೇಣವನ್ನು ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿದರು. ಹತ್ತಿಗೆ ಸವರಿದರು. ಇಂದುಧರನ ತಲೆ ಹಿಡಿದು ಅವನ ಎಡಗಿವಿಗೆ ತುರುಕಿದರು. ಕೈ ಮೃದುವಾಗಿರಲಿಲ್ಲ.

"ಮೂರು ದಿನ. ನಡುವೆ ತೆಗೆದರೆ ನಿನ್ನ ಚೀಲ ನೀನೇ ಹೊರಗಿಟ್ಟುಕೋ."

"ಇದರಿಂದ ಏನು ಗೊತ್ತಾಗುತ್ತೆ?"

"ಹದಿನಾರು ಅಂದರೆ ಎಷ್ಟು ಅಂತ."

ಇಂದುಧರನಿಗೆ ಅವಮಾನವಾಯಿತು. ಆದರೂ ಲೆಕ್ಕ ಹಾಕಿದ. ಹದಿನಾರು ಹೋದರೆ ಎಂಬತ್ತಮೂರು ಚಿಲ್ಲರೆ ಉಳಿಯಿತು. ಎಂಬತ್ತಮೂರರಲ್ಲಿ ಬದುಕುವುದು ಏನು ಮಹಾ.

ಅವತ್ತು ಮಧ್ಯಾಹ್ನ ಅವನು ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದ. ಕೈತೊಳೆದು ಒಳಗೆ ಬಂದಾಗ ಊಟದ ಎಲೆಗಳನ್ನು ಎತ್ತಿಯಾಗಿತ್ತು.

"ನನ್ನನ್ನು ಯಾಕೆ ಕರೆಯಲಿಲ್ಲ?"

"ಕರೆದೆನಲ್ಲ," ಎಂದಳು ಸಾವಂತ್ರವ್ವ.

"ಸುಳ್ಳು!"

"ಬೇಲಿ ಪಕ್ಕ ನಿಂತು ಕರೆದೆ. ನಿನ್ನ ಎಡಗಡೆಗೇ ಇದ್ದೆ. ಬೇಲಿ ಮೇಲಿನ ಓತಿಕ್ಯಾತ ಕೂಡ ತಿರುಗಿ ನೋಡ್ತು."

"ಕಿವಿ ಮುಚ್ಚಿದೆ ಅಂತ ಗೊತ್ತಿದ್ದೂ ಆ ಕಡೆಯಿಂದ ಕರೆದೆಯಾ?"

"ಹದಿನಾರು ಪರ್ಸೆಂಟ್ ತಾನೇ ಮುಚ್ಚಿರೋದು? ಮಿಕ್ಕಿದ್ದರಲ್ಲಿ ಕೇಳಿಸುತ್ತೆ ಅಂದುಕೊಂಡೆ."

ಇಂದುಧರ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದ. ಲೋಟ ಉರುಳಿ ಅವಳ ಕಾಲ ಬಳಿ ನಿಂತಿತು. ಅವಳು ಅದನ್ನು ಎತ್ತಿ ಸೊಟ್ಟಗಾಗಿದ್ದ ಅಂಚನ್ನು ನೋಡಿದಳು.

"ಇದನ್ನು ನಾನೇ ತೊಳೀಬೇಕು," ಎಂದಳು.

ಎರಡನೆಯ ದಿನ ಪಾಠದ ಹೊತ್ತಿಗೆ ಅವನು ಬಾಗಿಲಲ್ಲೇ ಕಾದು ನಿಂತಿದ್ದ. ಈ ಸಲ ಕರೆ ತಪ್ಪಿಹೋಗಲು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದ. "ಇಂದುಧರಾ" ಎಂಬ ಕೂಗು ಬಂತು. ಅವನು ಬಲಕ್ಕೆ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಹಿಂದಕ್ಕೆ ತಿರುಗಿದ. ಅಲ್ಲೂ ಇಲ್ಲ. ಎಡಗಡೆಯ ಬೇವಿನ ಮರದ ಕೆಳಗೆ ಗುರುಗಳು ಮಿಕ್ಕವರಿಗೆ ಪಾಠ ಶುರುಮಾಡಿದ್ದರು. ಅವನು ಹತ್ತಿರ ಹೋಗುವಷ್ಟರಲ್ಲಿ ಯಾರೋ ಕಿಸಕ್ಕೆಂದರು. ಯಾರೆಂದು ತಿಳಿಯಲಿಲ್ಲ. ಒಂದೊಂದೇ ಮುಖವನ್ನು ದುರುಗುಟ್ಟಿ ನೋಡಿದ. ಎಲ್ಲರೂ ನಕ್ಕಂತೆಯೇ ಕಂಡಿತು.

ಶಬ್ದವೇನೋ ಇತ್ತು. ಅದು ಎಲ್ಲಿಂದ ಬರುತ್ತಿದೆ ಎಂಬುದು ಇರಲಿಲ್ಲ.

ಅವತ್ತು ಅವನು ಯಾರ ಜೊತೆಗೂ ಮಾತಾಡಲಿಲ್ಲ. ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡಿದರೆ ತನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಯಾರಾದರೂ ಜೋರಾಗಿ ಮಾತಾಡಿಸಿದರೆ ಅಣಕಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಮೂರನೆಯ ದಿನ ಸಂಜೆ ಅವನು ಕೊಡ ಹೊತ್ತು ನದಿಯ ಕಾಲುದಾರಿಯಲ್ಲಿ ಬರುತ್ತಿದ್ದ. ಹಿಂದೆ ಎಡಗಡೆಯಿಂದ ಅಂಬಿಗರ ಯಂಕಪ್ಪ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಬರುತ್ತಿದ್ದ. ಎರಡು ಕೈಯಲ್ಲೂ ಅಂಚು ಹಿಡಿದಿದ್ದ. ಕೆಳಗಿನ ನೆಲ ಬಿಟ್ಟು ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

"ದಾರಿ! ದಾರಿ ಬಿಡ್ರೀ!"

ಇಂದುಧರನಿಗೆ ಕೂಗು ಕೇಳಿಸಿತು. ಬಲದಿಂದ ಬರುತ್ತಿದೆ ಎಂದುಕೊಂಡು ಎಡಕ್ಕೆ ಹಾರಿದ. ಸೀದಾ ಹರಿಗೋಲಿಗೆ ಹೋಗಿ ಬಡಿದ. ಕೊಡ ಬಿತ್ತು. ಅವನೂ ಬಿದ್ದ. ಮೊಣಕಾಲು ತರಚಿತು.

"ಕಿವುಡನೇನೋ ನೀನು?" ಯಂಕಪ್ಪ ಹರಿಗೋಲನ್ನು ಹಿಂದಕ್ಕೆ ವಾಲಿಸಿ, ಮುಖ ಹೊರಹಾಕಿ ಬೈದ. "ಮೂರು ಸಲ ಕೂಗಿದೆ. ಮೂರು ಸಲ! ಕಿವಿಯಲ್ಲಿ ಏನು ಹೂಳು ತುಂಬಿಕೊಂಡಿದ್ದೀಯಾ?"

ಇಂದುಧರ ಎದ್ದ. ಕಣ್ಣು ಮಂಜಾಗಿತ್ತು. ಬಲಗೈ ತಾನಾಗಿಯೇ ಮೇಲೆ ಹೋಯಿತು.

ಯಂಕಪ್ಪನ ಎರಡು ಕೈಗಳೂ ಹರಿಗೋಲಿನ ಅಂಚಿನಲ್ಲಿದ್ದವು. ಮುಖ ಮುಚ್ಚಿಕೊಳ್ಳಲು ಅವನಿಗೆ ಕೈ ಇರಲಿಲ್ಲ. ಅವನು ಹಿಂದಕ್ಕೂ ಸರಿಯಲಿಲ್ಲ.

"ಹೊಡೆಯೋದಾದರೆ ಬೇಗ ಹೊಡಿ ಮಾರಾಯಾ," ಎಂದ. "ಭಾರ ಆಗ್ತಿದೆ."

ಇಂದುಧರನ ಕೈ ಅಲ್ಲೇ ನಿಂತಿತು. ಅದು ಎಲ್ಲಿಗೆ ಹೊರಟಿತ್ತೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಯಂಕಪ್ಪನ ಎಡಗಿವಿಯಲ್ಲಿ ಒಂದು ಹಳೆಯ ಒಂಟಿ ಓಲೆ ಇತ್ತು.

ಕೈ ಇಳಿಸಿದ. ದಾರಿ ಬಿಟ್ಟ. ಯಂಕಪ್ಪ ಗೊಣಗುತ್ತ ಮುಂದೆ ಹೋದ.

ಕೊಡವನ್ನು ಅಲ್ಲೇ ಬಿಟ್ಟು ಇಂದುಧರ ಆಶ್ರಮಕ್ಕೆ ನಡೆದ. ಗುರುಗಳು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವನು ಕೂರಲಿಲ್ಲ.

"ನಿಮಗೆ ಸಮಾಧಾನವಾಯಿತಾ? ಐದು ತಿಂಗಳು ಕಷ್ಟಪಟ್ಟು ಇಳಿಸಿದ್ದೆ. ಮೂರು ದಿನದಲ್ಲಿ ಎಲ್ಲಾ ಹಾಳು ಮಾಡಿದಿರಿ!"

"ಎಷ್ಟು ಸಲ ಬಂತು?"

"ಎಣಿಸಲಿಲ್ಲ."

"ಯಾಕೆ?"

"ಒಂದು ಮುಗಿದು ಇನ್ನೊಂದು ಶುರುವಾದರೆ ತಾನೇ ಎಣಿಸೋದು? ಇದು ನಿಲ್ಲಲೇ ಇಲ್ಲ. ಮೊನ್ನೆ ನೀವು ಹತ್ತಿ ತುರುಕಿದಾಗ ಬಂದದ್ದು ಈಗಲೂ ಇದೆ."

"ಹಾಗಾದರೆ ಒಂದು ಸಲ." ಗುರುಗಳು ಕೈ ಒರೆಸಿಕೊಂಡರು. "ಮೊದಲು ಅರವತ್ನಾಲ್ಕು. ಈಗ ಒಂದು. ಎಲ್ಲಿ, ಫೋನು ತೆಗೆದು ಒತ್ತು."

"ಅಯ್ಯನವರೇ..."

"ಒತ್ತು."

ಇಂದುಧರ ಒತ್ತಿದ.

"ಎಷ್ಟು?"

"ತೊಂಬತ್ತೆಂಟು ಪಾಯಿಂಟ್ ನಾಲ್ಕು."

"ಕಡಿಮೆಯಾಗಿದೆ?"

"ಕಡಿಮೆಯಾಗಿದೆ," ಎಂದ ಇಂದುಧರ. ಆ ಮಾತು ಬಾಯಿಂದ ಬಂದ ಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡ.

ಗುರುಗಳು ಇನ್ನೊಂದು ಹಣ್ಣು ತೆಗೆದುಕೊಂಡರು.

"ಮೂರು ದಿನ ಆಯ್ತು. ಅದನ್ನು ತೆಗೆ."

ಅವನು ಉಗುರಿನಿಂದ ಮೇಣ ಕಿತ್ತ. ಹತ್ತಿ ಹೊರಬಂತು. ಎಡಗಡೆಯಿಂದ ನದಿಯ ಸದ್ದು ಒಮ್ಮೆಗೇ ನುಗ್ಗಿತು. ಬೇವಿನ ಮರದಲ್ಲಿ ಒಂದು ಗಿಳಿ. ಅಡುಗೆಮನೆಯಲ್ಲಿ ಸಾವಂತ್ರವ್ವ ಒಗ್ಗರಣೆ ಹಾಕುತ್ತಿದ್ದಳು. ಪ್ರತಿಯೊಂದೂ ತನ್ನ ತನ್ನ ಜಾಗದಲ್ಲಿ ಇತ್ತು.

"ನಿನ್ನ ಹತ್ತಿ ಮೂರು ದಿನಕ್ಕೆ ಹೊರಬಂತು," ಎಂದರು ಗುರುಗಳು. "ಹಾಲೇಶ ಯಾವತ್ತು ತೆಗೀತಾನೆ?"

ಇಂದುಧರ ನೆಲದ ಮೇಲೆ ಕುಸಿದು ಕೂತ. ಅಳಲಿಲ್ಲ. ತರಚಿದ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ.

"ಅವನ ಹತ್ತಿರ ಹೋಗಬೇಕು, ಅಯ್ಯನವರೇ."

"ಹೋಗು."

"ಆದರೆ ಕೋಪ ಹೋಗಿಲ್ಲ. ಈಗ ತಾನೇ ಯಂಕಪ್ಪನ ಮೇಲೆ ಕೈ ಎತ್ತಿದ್ದೆ."

"ಬಿತ್ತಾ?"

"ಇಲ್ಲ. ಇಳಿಸಿದೆ."

"ಮತ್ತೆ?"

"ಪೂರ್ತಿ ಹೋದ ಮೇಲೆ ಹೋಗೋಣ ಅಂತ..."

"ಅಲ್ಲಿವರೆಗೂ ಅವನು ಕಾಯಬೇಕಾ?" ಗುರುಗಳ ದನಿಯಲ್ಲಿ ಮತ್ತೆ ಸಿಟ್ಟು ಬಂತು. ಹುಣಸೆಬೀಜ ಅಂಗಳದಾಚೆ ಹೋಗಿ ಬಿತ್ತು. "ನಿನ್ನ ಕೋಪ ವಾಸಿಯಾಗಲಿ ಅಂತ ಅವನು ಎಷ್ಟು ವರ್ಷ ಕೂತಿರಬೇಕು?"

"ಅಮ್ಮ ಹೊಸಿಲು ತುಳಿಯಬೇಡ ಅಂದಿದ್ದಾಳೆ."

"ಹೊಸಿಲ ಈಚೆ ಕೂತ್ಕೋ. ಅವನು ಯಾವತ್ತೋ ಒಂದು ದಿನ ಹೊರಗೆ ಬರಲೇಬೇಕಲ್ಲ."

ಇಂದುಧರ ಎದ್ದು ಒಳಗೆ ಹೋಗಿ ಚೀಲ ಕಟ್ಟಿದ. ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಸಾವಂತ್ರವ್ವ ಬುತ್ತಿಯ ಗಂಟನ್ನು ಅವನ ಕೈಗೆ ತಳ್ಳಿ ಒಲೆಯ ಕಡೆ ತಿರುಗಿಕೊಂಡಳು.

ಅವನು ಮತ್ತೆ ಅಂಗಳಕ್ಕೆ ಬಂದು ಗುರುಗಳ ಕಾಲು ಮುಟ್ಟಿದ. ಎದ್ದ ಮೇಲೂ ಹೊರಡಲಿಲ್ಲ.

"ಅವನು ಎದುರಿಗೆ ಬಂದರೆ ಏನು ಹೇಳಲಿ, ಅಯ್ಯನವರೇ? ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತೇನೆ. ಮೊದಲು ಯಾವ ಮಾತು ಹೇಳಲಿ?"

ಗುರುಗಳು ತಲೆ ಎತ್ತಿದರು.

"ನೀನ್ಯಾಕೆ ಹೇಳ್ತೀಯಾ? ಎರಡು ಕಿವಿ ಇರೋದು ನಿನಗೆ."