ಕೆಂಚಪ್ಪ ಕಡಲಿಗೆ ಗಾಳ ಹಾಕಿದ್ದು

ಮತ್ತಿಮರಗಳ ಕಾಡಿನ ನಡುವೆ ಒಂದು ಕೆರೆ. ಆ ಕೆರೆಯ ದಂಡೆಯಲ್ಲಿ ಕೆಂಚಪ್ಪ ಅನ್ನುವ ನೀರುನಾಯಿ, ಅವನ ಹೆಂಡತಿ ಸಾಕವ್ವ, ಚುಕ್ಕಿ, ಮಲ್ಲ ಅಂತ ಎರಡು ಮರಿಗಳು. ನೀರುನಾಯಿಯನ್ನು ನೀವು ನೋಡಿಲ್ಲದಿದ್ದರೆ ಹೀಗೆ ಅಂದುಕೊಳ್ಳಿ ಮಕ್ಕಳೇ: ಮುಂಗುಸಿಗೆ ಈಜು ಬಂದು, ಜೊತೆಗೆ ಇನ್‌ಸ್ಪೆಕ್ಟರ್ ಮೀಸೆಯೂ ಬಂದರೆ ಹೇಗಿರುತ್ತದೋ ಹಾಗೆ.

ಆ ಮೀಸೆ ಬರೀ ಅಂದಕ್ಕಲ್ಲ. ಕೆರೆಯ ಕೆಸರು ನೀರಿನಲ್ಲಿ ಕಣ್ಣು ಕಾಣುವುದಿಲ್ಲ. ಮೀನು ಎಲ್ಲಿ ಅಲುಗಿತು ಅಂತ ತಿಳಿಸುವುದು ಮೀಸೆಯೇ. ಮೀಸೆ ಹೋದರೆ ನೀರುನಾಯಿಯ ಊಟವೂ ಹೋದಂತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೀನು ಹಿಡಿಯುವುದರಲ್ಲಿ ಇಡೀ ಕೆರೆಗೆ ಕೆಂಚಪ್ಪನೇ ಮುಂದು. ಅದು ನಿಜವೇ. ಆದರೆ ಆ ಮಾತನ್ನು ಬೇರೆಯವರು ಹೇಳಲಿ ಅಂತ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹಿಡಿದ ಮೀನನ್ನು ಬಳ್ಳಿಯಿಂದ ಬಾಲಕ್ಕೆ ಕಟ್ಟಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಕೆರೆಯನ್ನು ಒಂದು ಸುತ್ತು ಹಾಕಿ ಆಮೇಲೆ ತಿನ್ನುವುದು ಆ ಕೆರೆಯ ನೀರುನಾಯಿಗಳ ಪದ್ಧತಿ. ಕೆಂಚಪ್ಪ ಮೂರು ಸುತ್ತು ಹಾಕುತ್ತಿದ್ದ. ಅಷ್ಟರಲ್ಲಿ ಮನೆಯಲ್ಲಿ ಮರಿಗಳಿಗೆ ಹಸಿವಾಗಿರುತ್ತಿತ್ತು.

ಬೇಸಿಗೆ ಬಂತು. ಸಾಕವ್ವ ಹೇಳಿದಳು, "ರೀ, ಮಕ್ಕಳು ಕಡಲು ನೋಡಬೇಕಂತೆ. ನಾಲ್ಕು ದಿನ ಸುಮ್ಮನೆ ಮರಳಲ್ಲಿ ಬಿದ್ದುಕೊಂಡು ಬರೋಣ."

ಸುಮ್ಮನೆ ಬಿದ್ದುಕೊಳ್ಳುವುದು ಕೆಂಚಪ್ಪನಿಗೆ ಗೊತ್ತೇ ಇಲ್ಲ. ಹೊರಡುವ ದಿನ ಬಂಡೆ ಹತ್ತಿ ನಿಂತು ಕೂಗಿದ: "ಕೇಳ್ರಪ್ಪಾ! ಕಡಲಿಗೆ ಹೋಗ್ತಾ ಇದೀನಿ. ನನಗಿಂತ ದೊಡ್ಡ ಮೀನು ಹಿಡೀತೀನಿ. ಹಿಡೀಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ!"

ಕಪ್ಪೆ ರಂಗಯ್ಯ ತಾವರೆ ಎಲೆಯ ಮೇಲೆ ಎದ್ದು ಕೂತ. "ಎರಡೂ ಕಡೆದಾ?"

"ಎರಡೂ ಕಡೆದು!"

"ಎಲ್ಲಾರೂ ಕೇಳಿಸಿಕೊಂಡ್ರಲ್ಲ," ಅಂದ ರಂಗಯ್ಯ. ಸಾಕವ್ವ ಹಣೆ ಚಚ್ಚಿಕೊಂಡಳು.

ಕಡಲ ತೀರದಲ್ಲಿ ಒಂದು ಮುದಿ ಏಡಿ ಪ್ರವಾಸಿಗರನ್ನು ಪುಟ್ಟ ದೋಣಿಯಲ್ಲಿ ಕೂರಿಸಿಕೊಂಡು ಆಳ ನೀರಿಗೆ ಕರೆದೊಯ್ಯುತ್ತಿತ್ತು. ದೋಣಿ ನಡೆಸುವ ಹಿರಿಯನಿಗೆ ಆ ಕಡೆ ತಾಂಡೇಲ ಅನ್ನುತ್ತಾರೆ. ತಾಂಡೇಲನ ಹತ್ತಿರ ಮನುಷ್ಯರು ಬಿಟ್ಟುಹೋದ ನೈಲಾನ್ ದಾರವಿತ್ತು, ಗಾಳವಿತ್ತು, ಖಡಕ್ ಮಾತೂ ಇತ್ತು.

"ನೋಡಿ ಮಾರಾಯ್ರೇ, ನನ್ನ ದೋಣಿಯಲ್ಲಿ ಒಂದೇ ನಿಯಮ. ದಾರ ಕೈಯಲ್ಲೇ ಇರಬೇಕು. ದೋಣಿಗೂ ಕಟ್ಟೂದಿಲ್ಲ, ಮೈಗೂ ಕಟ್ಟೂದಿಲ್ಲ. ನಾ 'ಬಿಡಿ' ಅಂದ್ರೆ ಬಿಡಬೇಕು."

"ಗೊತ್ತು, ಗೊತ್ತು. ಹುಟ್ಟಿದಾಗಿನಿಂದ ಮೀನೇ ಹಿಡೀತಿರೋದು," ಅಂದ ಕೆಂಚಪ್ಪ.

"ಕೆರೆಯಲ್ಲಿ," ಅಂದ ತಾಂಡೇಲ.

"ನೀರು ನೀರೇ ಕಣಯ್ಯ."

ತಾಂಡೇಲ ದಾರ, ಗಾಳ ತೆಗೆದು ಕೊಟ್ಟ. ಇಂಥ ಪ್ರವಾಸಿಗರನ್ನು ಅವನು ತುಂಬ ನೋಡಿದ್ದ.

ಹಾಯಿಗೆ ಗಾಳಿ ಇರಲಿಲ್ಲವಾದ್ದರಿಂದ ಹುಟ್ಟು ಹಾಕುವ ಕೆಲಸ ಸಾಕವ್ವನಿಗೆ ಬಂತು. ರಜೆ ಅಂದರೆ ಹಾಗೇ ಮಕ್ಕಳೇ, ಅಮ್ಮಂದಿರಿಗೆ ಕೆಲಸದ ಜಾಗ ಬದಲಾಗುತ್ತದೆ, ಅಷ್ಟೆ. ದಡ ಒಂದು ಗೆರೆಯಷ್ಟಾದಾಗ ದೋಣಿ ನಿಂತಿತು. ಕೆಂಚಪ್ಪ ಗಾಳಕ್ಕೆ ಸಿಗಡಿ ಚುಚ್ಚಿ ನೀರಿಗೆ ಬಿಟ್ಟ.

ದಾರ ಜಗ್ಗಿತು. "ಬಂತು!" ಅಂತ ಎಳೆದ. ಬಂದದ್ದು ಒಂದು ಹವಾಯಿ ಚಪ್ಪಲಿ.

"ಅಪ್ಪಾ, ಇದನ್ನ ಹುರೀತಾರಾ, ಸಾರು ಮಾಡ್ತಾರಾ?" ಅಂತ ಕೇಳಿದಳು ಚುಕ್ಕಿ.

ಮತ್ತೆ ಜಗ್ಗಿತು. ಈ ಸಲ ಬಂದದ್ದು ಅಂಗೈಯಗಲದ ಒಂದು ಮೀನು. ದೋಣಿಗೆ ಬಿದ್ದದ್ದೇ ಸಿಟ್ಟಿನಿಂದ ಬಲೂನಿನ ಹಾಗೆ ಊದಿಕೊಂಡು ಮೈಯೆಲ್ಲ ಮುಳ್ಳಾಯಿತು. "ಏನ್ರೀ, ಮನೆಯವರು ಊಟಕ್ಕೆ ಕೂತಾಗ ಹೀಗಾ ಎಳೆಯೋದು? ಮರ್ಯಾದೆ ಬೇಡ್ವಾ?" ಅಂತ ಬೈಯತೊಡಗಿತು. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಸಾಕವ್ವ ಅದೇ ಚಪ್ಪಲಿಯಿಂದ ಮೆತ್ತಗೆ ತಳ್ಳಿ, "ತಪ್ಪಾಯ್ತಮ್ಮಾ," ಅಂತ ಹೇಳಿ ನೀರಿಗೆ ಬಿಟ್ಟಳು.

"ಸಾಕು ಬನ್ರೀ," ಅಂದಳು ಗಂಡನಿಗೆ. "ಮಕ್ಕಳು ಮರಳಲ್ಲಿ ಆಡಲಿ."

ಕೆಂಚಪ್ಪನಿಗೆ ಮೀಸೆ ತುರಿಸಿತು. ರಂಗಯ್ಯನ ಮುಖ ಕಣ್ಣ ಮುಂದೆ ಬಂತು. ಮುಂದಿನ ಮೀನು ಎಷ್ಟೇ ದೊಡ್ಡದಿರಲಿ, ಕೈ ಜಾರಿ ತಪ್ಪಿಸಿಕೊಳ್ಳಬಾರದು. ತಾಂಡೇಲ ಆಚೆ ತಿರುಗಿದ್ದನ್ನು ನೋಡಿ, ದಾರದ ತುದಿಯನ್ನು ಬಾಲಕ್ಕೆ ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಕೆರೆಯಲ್ಲಿ ಹಾಗೇ ಅಲ್ಲವೇ ಮಾಡುತ್ತಿದ್ದದ್ದು?

ಮೂರನೆಯ ಸಲ ದಾರ ಜಗ್ಗಲಿಲ್ಲ. ನಿಧಾನವಾಗಿ, ಯಾರೋ ಯೋಚನೆ ಮಾಡುತ್ತ ನಡೆದುಹೋದ ಹಾಗೆ, ಒಂದೇ ಸಮನೆ ಹೊರಟಿತು. ದೋಣಿಯಲ್ಲಿ ಸುತ್ತಿಟ್ಟಿದ್ದ ದಾರ ಸುರುಳಿ ಸುರುಳಿಯಾಗಿ ನೀರಿಗೆ ಇಳಿಯಿತು.

ಕಡ್ಡಿಯಂಥ ತೊಟ್ಟಿನ ತುದಿಯಲ್ಲಿದ್ದ ತಾಂಡೇಲನ ಏಡಿಗಣ್ಣುಗಳು ನೆಟ್ಟಗಾದವು. "ಇದು ನಮ್ಮ ಅಳತೆಯದ್ದಲ್ಲ ಮಾರಾಯ್ರೇ. ಬಿಡಿ!"

"ನನಗಿಂತ ದೊಡ್ಡದು ಕಣೋ!" ಕೆಂಚಪ್ಪ ಕುಣಿದ.

"ಅದನ್ನೇ ಹೇಳೂದು ನಾನೂ! ಬಿಡಿ!"

"ಬಿಡೋಕಾಗಲ್ಲ. ಬಾಲಕ್ಕೆ ಕಟ್ಟಿದೀನಿ."

ದೋಣಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು.

"ಕತ್ತರಿಸ್ತೇನೆ, ಬಾಲ ಈಚೆ ತನ್ನಿ!" ತಾಂಡೇಲ ಕತ್ತರಿಯಂಥ ಕೊಂಡಿ ತೆರೆದು ಓಡಿಬಂದ.

"ಮುಟ್ಟಬೇಡ! ಅದು ನನ್ನ ಮೀನು!" ಕೆಂಚಪ್ಪ ಬಾಲವನ್ನು ಅತ್ತ ತಿರುಗಿಸಿದ.

"ರೀ, ಹಾಳಾಗಿ ಹೋಗಲಿ ಆ ಮೀಸೆ! ಕತ್ತರಿಸಿ ಅಣ್ಣಾ!" ಅಂತ ಸಾಕವ್ವ ಕಿರುಚಿದಳು.

ಅಷ್ಟರಲ್ಲಿ ಕೊನೆಯ ಸುರುಳಿಯೂ ಮುಗಿಯಿತು. ಕೆಂಚಪ್ಪ ಬಾಲ ಮುಂದಾಗಿ, ತಲೆ ಹಿಂದಾಗಿ ದೋಣಿಯಿಂದ ಹಾರಿದ. ತಾಂಡೇಲ ಬಿಡುತ್ತಾನೆಯೇ? ಬಾಲವನ್ನು ಕೊಂಡಿಯಲ್ಲಿ ಕಚ್ಚಿಕೊಂಡು ತಾನೂ ಹಾರಿದ. ಇಬ್ಬರೂ ನೀರೊಳಗೆ ಮಾಯವಾದರು. ಮರಿಗಳು ಅಳಲು ಶುರುಮಾಡಿದವು.

ನೀರಿನಡಿ ನೀಲಿ ಕಪ್ಪಾಗುತ್ತಿತ್ತು. ಉಸಿರು ಮುಗಿಯುತ್ತ ಬಂತು. ಕೆಂಚಪ್ಪನಿಗೆ ರಂಗಯ್ಯನೂ ನೆನಪಾಗಲಿಲ್ಲ, ಮೀಸೆಯೂ ನೆನಪಾಗಲಿಲ್ಲ. ದಿನವೂ ಮನೆಯಲ್ಲಿ ಹಸಿದು ಕಾಯುತ್ತಿದ್ದ ಚುಕ್ಕಿ, ಮಲ್ಲರ ಮುಖ ನೆನಪಾಯಿತು. ತಾಂಡೇಲನ ಕಡೆ ತಿರುಗಿ, ಕತ್ತರಿಸು ಅಂತ ಎರಡೂ ಕೈ ಮುಗಿದ. ಆದರೆ ಆ ರಭಸಕ್ಕೆ ಕೊಂಡಿ ಗಂಟಿನ ಹತ್ತಿರ ಹೋಗಲೇ ಇಲ್ಲ.

ಅಷ್ಟರಲ್ಲಿ ದಾರ ಮೇಲಕ್ಕೆ ತಿರುಗಿತು. ಕಡಲು ಉಬ್ಬಿತು. ದೋಣಿಯ ಪಕ್ಕದಲ್ಲೇ ಒಂದು ಕರಿಯ ಗುಡ್ಡ ಎದ್ದು, ಕಾರಂಜಿಯಂತೆ ಉಸಿರು ಬಿಟ್ಟಿತು. ತಿಮಿಂಗಿಲ! ಅದರ ಈಜುರೆಕ್ಕೆಯ ಮೇಲೆ ಬೆಳೆದ ಚಿಪ್ಪುಗಳ ಸಂದಿಗೆ ಗಾಳ ಸಿಕ್ಕಿಕೊಂಡಿತ್ತು. ದಾರದ ಇನ್ನೊಂದು ತುದಿಯಲ್ಲಿ ಕೆಂಚಪ್ಪ ತಲೆಕೆಳಗಾಗಿ ನೇತಾಡುತ್ತಿದ್ದ. ಅವನ ಬಾಲದಲ್ಲಿ ತಾಂಡೇಲ.

ತಿಮಿಂಗಿಲ ರೆಕ್ಕೆಯನ್ನು ಕಣ್ಣ ಹತ್ತಿರ ತಂದು ನೋಡಿದಳು. ಮುಖ ಅರಳಿತು.

"ಅಯ್ಯೋ, ಏನೋ ಸಿಕ್ಕಿದೆ! ರಜೆಗೆ ಅಂತ ಇಷ್ಟು ದೂರ ಬಂದು ಬರಿಗೈಲಿ ಹೋಗಬೇಕಲ್ಲ ಅಂದುಕೊಂಡಿದ್ದೆ. ನಮ್ಮ ಕಡೆ ಇಂಥದ್ದು ಯಾರೂ ನೋಡೇ ಇಲ್ಲ. ತಗೊಂಡು ಹೋಗಿ ಎಲ್ಲರಿಗೂ ತೋರಿಸ್ತೀನಿ."

"ಅಮ್ಮಾ, ಬಿಟ್ಟುಬಿಡಿ ನನ್ನ," ಅಂದ ಕೆಂಚಪ್ಪ ಮೂಗಿನಿಂದ ನೀರು ಸುರಿಸುತ್ತ.

"ಬಿಡೋದಾ? ನಿಮ್ಮ ಊರಲ್ಲಿ ಹಿಡಿದದ್ದನ್ನ ಬಿಡ್ತಾರಾ?"

'ಬಿಡ್ತೀವಿ' ಅನ್ನಬಹುದಿತ್ತು. ಆದರೆ ದೋಣಿಯಿಂದ ಎರಡು ಮರಿಗಳು ನೋಡುತ್ತಿದ್ದವು. "ಇಲ್ಲಮ್ಮ," ಅಂದ ಕೆಂಚಪ್ಪ ಸಣ್ಣ ದನಿಯಲ್ಲಿ. "ಬಾಲಕ್ಕೆ ಕಟ್ಟಿಕೊಂಡು ಮೂರು ಸುತ್ತು ಮೆರವಣಿಗೆ ಮಾಡ್ತೀನಿ."

ತಿಮಿಂಗಿಲಕ್ಕೆ ನಗು ಬಂತು. ಅವಳು ನಕ್ಕ ರಭಸಕ್ಕೆ ದೋಣಿ ಎರಡು ಸಲ ತಿರುಗಿತು. ಆಮೇಲೆ ಕೆಂಚಪ್ಪನನ್ನು ಇನ್ನಷ್ಟು ಹತ್ತಿರ ತಂದು, ತಲೆಯಿಂದ ಬಾಲದವರೆಗೆ ಅಳೆದಳು. ನನ್ನ ಬಾಯಿಯ ಒಂದು ಮೂಲೆಗೂ ಸಾಲದು ಇದು, ಅನ್ನಿಸಿರಬೇಕು.

"ಛೆ, ತುಂಬ ಚಿಕ್ಕದು," ಅಂದಳು. "ಹೋಗಲಿ, ಬೆಳೀಲಿ. ಬಿಡೋಣ."

ರೆಕ್ಕೆ ದೋಣಿಯ ಮೇಲಕ್ಕೆ ಬಂತು, ತಾಂಡೇಲನ ಕೊಂಡಿ ಈಗ ಗಂಟಿಗೆ ಎಟುಕಿ 'ಕಟ್' ಅಂದಿತು. ಇಬ್ಬರೂ ಸಾಕವ್ವನ ಮಡಿಲಿಗೇ ಬಿದ್ದರು. ಸಾಕವ್ವ ಗಂಡನನ್ನು ಅಪ್ಪಿಕೊಂಡು ಅತ್ತಳು, ಬೈದಳು, ಮತ್ತೆ ಅತ್ತಳು. ತಾಂಡೇಲ ಮಾತ್ರ, "ದಡಕ್ಕೆ ಹೋಗುವಾಗ ಹುಟ್ಟು ನೀವೇ ಹಾಕಿ," ಅಂತ ಕೆಂಚಪ್ಪನ ಕೈಗೆ ಹುಟ್ಟು ಕೊಟ್ಟ. ಕೆಂಚಪ್ಪ ದಡದವರೆಗೂ ತಾನೇ ಹಾಕಿದ. ಉಳಿದ ದಿನಗಳನ್ನು ಮರಳಲ್ಲಿ ಸುಮ್ಮನೆ ಬಿದ್ದುಕೊಂಡು ಕಳೆದ. ಅದೂ ಚೆನ್ನಾಗಿಯೇ ಇರುತ್ತದೆ ಅಂತ ಅವನಿಗೆ ಆಗ ತಿಳಿಯಿತು.

ಊರಿಗೆ ಬಂದಾಗ ಇಡೀ ಕೆರೆ ದಂಡೆಯಲ್ಲಿ ಕಾದಿತ್ತು. ರಂಗಯ್ಯ ಹರಿತವಾದ ಒಂದು ಚಿಪ್ಪನ್ನು ಕಲ್ಲಿಗೆ ಉಜ್ಜುತ್ತಿದ್ದ.

"ಎಲ್ಲಿ ಮೀನು?"

ಕೆಂಚಪ್ಪ ಬಂಡೆ ಹತ್ತಲಿಲ್ಲ. ಕೆಳಗೇ ನಿಂತು, ಚಪ್ಪಲಿಯಿಂದ ಹಿಡಿದು ತಿಮಿಂಗಿಲದವರೆಗೆ ಇದ್ದದ್ದು ಇದ್ದ ಹಾಗೆ ಹೇಳಿದ. ತಾನು ತಲೆಕೆಳಗಾಗಿ ನೇತಾಡಿದ್ದನ್ನೂ, ತಿಮಿಂಗಿಲ 'ತುಂಬ ಚಿಕ್ಕದು' ಅಂತ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. "ಮೀನು ಹಿಡಿಯೋಕೆ ಹೋಗಿ ನಾನೇ ಸಿಕ್ಕಿಬಿದ್ದೆ," ಅಂದು ಮುಖ ಮುಂದೆ ಚಾಚಿದ. "ಮಾತು ಮಾತೇ. ಬೋಳಿಸು."

ರಂಗಯ್ಯ ಚಿಪ್ಪು ಎತ್ತಿದ. ಸಾಕವ್ವ ಕಣ್ಣು ಮುಚ್ಚಿಕೊಂಡಳು. ಮೀಸೆ ಹೋದರೆ ಈ ಮಳೆಗಾಲ ಮಕ್ಕಳಿಗೆ ಏನು ಹಾಕುವುದು?

ಆಗ ಕೆರೆಗೆಲ್ಲ ಹಿರಿಯಳಾದ ಬೆಳ್ಳಕ್ಕಿ ಅಜ್ಜಿ ಉದ್ದ ಕಾಲು ಎತ್ತಿಡುತ್ತ ಮುಂದೆ ಬಂದಳು. ಒಂದು ಕಣ್ಣಿನಿಂದ ಎಡ ಮೀಸೆ ನೋಡಿದಳು, ಇನ್ನೊಂದರಿಂದ ಬಲ ಮೀಸೆ ನೋಡಿದಳು.

"ರಂಗಯ್ಯಾ," ಅಂದಳು, "ತುಂಬ ಚಿಕ್ಕದಪ್ಪಾ. ಹೋಗಲಿ, ಬೆಳೀಲಿ. ಬಿಡೋಣ."

ಕೆರೆಗೆ ಕೆರೆಯೇ ನಕ್ಕಿತು. ರಂಗಯ್ಯನಿಗೂ ನಗು ತಡೆಯಲಾಗದೆ ಚಿಪ್ಪು ಕೈಜಾರಿ ನೀರಿಗೆ ಬಿತ್ತು. ಕೆಂಚಪ್ಪ ಮಾತ್ರ ನಗಲಿಲ್ಲ. ಮೀಸೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡು, ಉಸ್ಸಪ್ಪಾ ಅಂತ ದಂಡೆಯ ಮೇಲೆ ಕೂತುಬಿಟ್ಟ.

ಆ ಸಂಜೆ ಅವನು ಒಂದು ಮೀನು ಹಿಡಿದ. ಬಾಲಕ್ಕೆ ಕಟ್ಟಲಿಲ್ಲ, ಒಂದು ಸುತ್ತೂ ಹಾಕಲಿಲ್ಲ. ನೆಟ್ಟಗೆ ಮನೆಗೆ ತಂದ. ಮರಿಗಳು ಅಂದು ಬಿಸಿಲಿರುವಾಗಲೇ ಉಂಡವು.

ನೀತಿ: ಹಿಡಿಯಲು ಹೊರಡುವವನು ಬಿಡುವುದನ್ನು ಮೊದಲು ಕಲಿತಿರಬೇಕು, ಜಂಬದಿಂದ ಹಾಕಿದ ಗಂಟು ಹಾಕಿದವನನ್ನೇ ಎಳೆದೊಯ್ಯುತ್ತದೆ.