ಉಡಿ ತುಂಬಿ ಕಳಿಸಿದ ರಾಜ

ಕೂಡ್ರಿ, ಕೂಡ್ರಿ. ಗದ್ದಲ ಮಾಡಬ್ಯಾಡ್ರಿ. ಇವತ್ತಿಂದು ನಗೂ ಕಥಿ ಅಲ್ಲ. ಹೇಳಬಾರದು ಅಂತಿದ್ದೆ, ಆದ್ರ ಹೇಳದ ಬಿಟ್ರ ನನಗ ಸಮಾಧಾನ ಇಲ್ಲ.

ಒಂದು ಸೀಮಿಯೊಳಗ ಒಬ್ಬ ರಾಜ ಇದ್ದ. ಕೆಟ್ಟವ ಅಲ್ಲ, ಬಾಳ ಒಳ್ಳೆಯವ. ಆ ಒಳ್ಳೇತನದ್ದ ಈ ಕಥಿ, ಏನ್ ಹೇಳ್ಲಿ! ಅವಗ ಹೆಣ್ಣುಮಕ್ಕಳು ಇರಲಿಲ್ಲ. ಅದಕ್ಕ ಒಂದಿನ ಡಂಗುರ ಹೊಡಿಸಿದ: "ನನ್ನ ಸೀಮಿ ಹೆಣ್ಣುಮಕ್ಕಳೆಲ್ಲ ನನ್ನ ಮಕ್ಕಳು. ಈ ಅರಮನಿ ಅವರ ತವರಮನಿ."

ಅಳಕೋತ ಯಾವ ಹೆಣ್ಣುಮಗಳು ಬಂದ್ರೂ ರಾಜ ಆಕೀನ್ನ ಮಣಿ ಮ್ಯಾಲೆ ಕುಂದ್ರಸ್ತಿದ್ದ. ಉಗ್ರಾಣ ನೋಡಿಕೊಳ್ಳೋ ಮುದುಕಿ ದ್ಯಾಮವ್ವನ್ನ ಕರೀತಿದ್ದ. ದ್ಯಾಮವ್ವ ಆಕಿ ಸೆರಗಿನಾಗ ಐದು ಬೊಗಸಿ ಅಕ್ಕಿ, ಒಂದು ತೆಂಗಿನಕಾಯಿ, ಎಲಿ ಅಡಕಿ, ಒಂದು ಕುಪ್ಪಸದ ಖಣ ಹಾಕಿ ಗಂಟು ಕಟ್ಟತಿದ್ಲು. ಉಡಿ ತುಂಬಿದ ಮ್ಯಾಲೆ ಸೀದಾ ಗಂಡನ ಮನಿಗೆ. ಮಗಳನ್ನ ಬರೇ ಉಡೀಲೆ ಕಳಿಸಬಾರದು ಅನ್ನೋದಷ್ಟ ರಾಜನ ತಲ್ಯಾಗ ಇತ್ತು. ಯಾಕ ಅಳಾಕತ್ತೀ ಅಂತ ಕೇಳಾಕ ಕಾಯ್ದೆ ಇರಲಿಲ್ಲ. "ಹೊಸ್ತಿಲ ಹೊರಗಿಂದು ರಾಜಂದು, ಒಳಗಿಂದು ಗಂಡಂದು" ಅಂತ ಅವರಜ್ಜನ ಕಾಲದಾಗ ತಾಮ್ರದ ಹಲಗಿ ಮ್ಯಾಲೆ ಕೆತ್ತಿಸಿ ಇಟ್ಟಿದ್ರು.

ಕುದುರಿ ಲಾಯದ ಬಾಗಿಲಿಗೆ ಇನ್ನೊಂದು ಹಲಗಿ ಇತ್ತು. ಅದು ಈ ರಾಜಂದ. "ಈ ಲಾಯದಾಗ ಆಸರಾ ಬೇಡಿದ ಜೀವದ ಮ್ಯಾಲೆ ಯಾರು ಕೈ ಮಾಡ್ತಾರೋ, ಅವರಿಗೆ ಸಾಯೋತನಕ ಸೆರಿಮನಿ." ಮಂದಿ ಅದಕ್ಕ ಕುದುರಿ ಕಾಯ್ದೆ ಅಂತಿದ್ರು.

ಆ ಲಾಯ ನೋಡಿಕೊಳ್ಳಾವ ಭರಮಣ್ಣ. ಒಂದು ಕುದುರಿಗೂ ಚಾಟಿ ತಾಗಿಸಿದವ ಅಲ್ಲ. "ಬಾರವ್ವ ನನ್ನ ಬಂಗಾರ" ಅಂತ ಅವುಗಳ ಮೈ ತಿಕ್ಕತಿದ್ದ. ಆ ಬಂಗಾರದ ಮಾತು ಹೆಂಡತಿ ಹೊನ್ನವ್ವನ ಪಾಲಿಗೆ ಬರಲಿಲ್ಲ. ಮನ್ಯಾಗ ಅವನ ಬಾಯಿಗಿಂತ ಕೈ ಮುಂದ.

ಮೊದಲನೇ ಸಲ ಹೊನ್ನವ್ವ ಬಂದ್ಲು. ಭುಜ ಕಪ್ಪಗಾಗಿತ್ತು. ಹಿಂದ ಭರಮಣ್ಣ ಬಂದ. "ಕಾಲ ಜಾರಿ ಬಿದ್ದಾಳ್ರಿ ದೊರಿ."

"ಅಯ್ಯ ಪಾಪ! ದ್ಯಾಮವ್ವಾ, ಉಡಿ ತುಂಬು," ಅಂದ ರಾಜ. ದ್ಯಾಮವ್ವ ಉಡಿ ತುಂಬಿದ್ಲು.

ಎರಡನೇ ಸಲ ಬಂದ್ಲು. ಮುಂದಿನ ಹಲ್ಲು ಇರಲಿಲ್ಲ. "ಬಾಗಿಲಾ ಬಡೀತ್ರಿ ದೊರಿ," ಅಂದ ಭರಮಣ್ಣ.

"ಅಯ್ಯ ಪಾಪ! ಈ ಸಲ ರೇಷ್ಮಿ ಖಣ ಹಾಕು."

ದ್ಯಾಮವ್ವ ಮೆಲ್ಲಕ, "ದೊರಿ, ಆಕೀನ್ನ ಒಂದು ಮಾತು ಕೇಳ್ರಲ್ಲ," ಅಂದ್ಲು. ರಾಜ ತಾಮ್ರದ ಹಲಗಿ ಕಡೆ ಕೈ ಮಾಡಿ ತೋರಿಸಿದ. ದ್ಯಾಮವ್ವ ರೇಷ್ಮಿ ಖಣ ಹಾಕಿ ಉಡಿ ತುಂಬಿದ್ಲು.

ಮೂರನೇ ಸಲ ಬಂದಾಗ ಹೊನ್ನವ್ವ ಮಣಿ ಮ್ಯಾಲೆ ಕೂಡಲಿಲ್ಲ. ಸೆರಗು ಒಡ್ಡಲಿಲ್ಲ.

"ಎಪ್ಪಾ, ಉಡಿ ಬ್ಯಾಡ. ಇರಾಕ ಒಂದು ಮೂಲಿ ಕೊಡ್ರಿ. ಅರಮನ್ಯಾಗ ಆಗದಿದ್ರ ಲಾಯದಾಗ ಕೊಡ್ರಿ. ಅಲ್ಲೆ ಅವ ಯಾರಿಗೂ ಹೊಡಿಯೂದಿಲ್ಲ."

ರಾಜನ ಕಣ್ಣಾಗ ನೀರು ಬಂತು. ನೀರು ಬಂದ್ರ ಏನು ಬಂತು, ಬುದ್ಧಿ ಬರಲಿಲ್ಲ! "ಮಗಳ, ಹೆಣ್ಣು ತವರಿನಾಗ ಕುಂತ್ರ ಮಂದಿ ಏನಂದಾರು? ಭರಮಣ್ಣಗ ನಾ ಬುದ್ಧಿ ಹೇಳ್ತೇನಿ, ಹೋಗು." ಭರಮಣ್ಣಗ ಹೇಳಿದ್ದಾದ್ರೂ ಏನು? "ಚೆಂದಾಗಿ ಇರ್ರಪಾ" ಅಂತ, ಅಷ್ಟ.

ದ್ಯಾಮವ್ವ ಹೊನ್ನವ್ವನ ಸೆರಗು ತಾನ ಹಿಡಿದು ಅಕ್ಕಿ ಹಾಕಿದ್ಲು. ಬಿಚ್ಚಬಾರದು ಅಂತ ಗಂಟು ಬಿಗಿಯಾಗಿ ಕಟ್ಟಿದ್ಲು. ಹೊನ್ನವ್ವ ಆಕಿ ಮಾರಿ ನೋಡಿದ್ಲು.

ಮರುದಿನ ಮುಂಜಾನೆ ಹೊನ್ನವ್ವ ಹಿತ್ತಲ ಬಾವ್ಯಾಗ ಸಿಕ್ಕಳು. ಮ್ಯಾಲೆ ಎತ್ತಿದಾಗ ಸೆರಗಿನ ಗಂಟು ಹಂಗ ಇತ್ತು, ಅಕ್ಕಿ ನೆನದಿತ್ತು. ನೀರು ಸೇದಾಕ ಹೋಗಿ ಬಿದ್ಲು ಅಂತ ಭರಮಣ್ಣ ಎದಿ ಎದಿ ಬಡಕೊಂಡ. ರಾಜ ಅವನ ಬೆನ್ನು ಸವರಿ ಸಮಾಧಾನ ಮಾಡಿದ. ನೋಡ್ರಿ, ಅವನ ಬೆನ್ನು!

ತಿಂಗಳು ತುಂಬಿರಲಿಲ್ಲ. ಭರಮಣ್ಣ ತುಂಬಿದ ಸಭಾದಾಗ ಕೈ ಮುಗದ. "ದೊರಿ, ಬಡವರ ಮನಿ ಹುಡುಗಿ ಒಂದು ನೋಡೇನಿ, ಕಾಳವ್ವ ಅಂತ. ಅಪ್ಪಣಿ ಕೊಟ್ರ ಅಕ್ಷತಾ ಹಾಕಿಸಿಕೊಳ್ತೇನಿ."

"ಆಗಲಿ. ದ್ಯಾಮವ್ವಾ, ಅಕ್ಕಿ ಅಳಿ," ಅಂದ ರಾಜ.

ದ್ಯಾಮವ್ವ ಕೈಯಾಗಿನ ಸೇರು ನೆಲದ ಮ್ಯಾಲೆ ಇಟ್ಟಳು. ಇನ್ನೊಂದು ಹೆಣ್ಣುಮಗಳ ಸೆರಗಿಗೆ ಗಂಟು ಕಟ್ಟಾಕ ಆಕಿ ಕೈ ಏಳಲಿಲ್ಲ.

"ಅಳೀತೇನಿ ದೊರಿ. ಅದಕ್ಕಿಂತ ಮೊದಲ ಒಂದು ತಕರಾರು ಐತಿ. ನಿಮ್ಮ ಲಾಯದವನ ಕೈಯಾಗ ಒಂದು ಜೀವ ಸತ್ತೈತಿ. ಮೊದಲ ಭುಜ ಕಪ್ಪಾತು. ಆಮ್ಯಾಲೆ ಹಲ್ಲು ಮುರೀತು. ಕಡೀಕ ಬಾವ್ಯಾಗ ಬಿತ್ತು."

ರಾಜ ಗದ್ದಿಗಿ ಬಿಟ್ಟು ಎದ್ದ. "ಯಾವ ಕುದುರಿ? ನನ್ನ ಕುದುರಿಗೆ ಹೊಡೆದವ ಯಾರು? ಭರಮಣ್ಣಾ!"

ಭರಮಣ್ಣನ ಬೆವರು ಕಿತ್ತು ಬಂತು. ಸಾಯೋತನಕ ಸೆರಿಮನಿ ಕಣ್ಣ ಮುಂದ ನಿಂತಿತು. "ಇಲ್ರಿ ದೊರಿ, ನಿಮ್ಮ ಪಾದದಾಣಿ! ಕುದುರಿ ಮ್ಯಾಲೆ ಕೈ ಮಾಡಿಲ್ರಿ. ಈ ಮುದುಕಿ ಹೇಳೂದು ನನ್ನ ಹೇಣ್ತಿ ಸುದ್ದಿರಿ. ಹೊಡದದ್ದು ಆಕಿಗಷ್ಟರಿ, ನೂಕಿದ್ದು ಆಕೀನ್ನಷ್ಟರಿ. ಅದೂ ನಮ್ಮ ಹಿತ್ತಲದಾಗ, ಹೊಸ್ತಿಲ ಒಳಗರಿ!"

ಅಂದು ಹಣಿ ಬೆವರು ಒರಸಿಕೊಂಡ. ಗೆದ್ದೆ ಅಂತ ತಿಳಕೊಂಡ.

ರಾಜ ಕುಸಿದು ಕುಂತ. "ಒಪ್ಪಿಕೊಂಡ. ಒಪ್ಪಿಕೊಂಡ್ರೂ ಇವನ್ನ ಹಿಡಿಯಾಕ ನನ್ನ ಕಡೆ ಕಾಯ್ದೆ ಇಲ್ಲಲ್ಲ!"

"ಐತಿ," ಅಂದ್ಲು ದ್ಯಾಮವ್ವ. "ಲಾಯದ ಹಲಗಿ ಓದಿಸ್ರಿ."

ಓದಿದ್ರು. ಆಸರಾ ಬೇಡಿದ ಜೀವ ಅಂತಿತ್ತು. ಕುದುರಿ ಅನ್ನೋ ಮಾತ ಅದರಾಗ ಇರಲಿಲ್ಲ.

"ಹೊನ್ನವ್ವ ಲಾಯದಾಗ ಒಂದು ಮೂಲಿ ಬೇಡಿದ್ಲು. ನೀವೂ ಕೇಳೀರಿ, ನಾನೂ ಕೇಳೇನಿ. ಆಕೀದೂ ಜೀವ ಅಲ್ಲೇನ್ರಿ ದೊರಿ?"

ಭರಮಣ್ಣನ ಕೈಗೆ ಬೇಡಿ ಬಿತ್ತು. ಕಾಳವ್ವನ ಮದುವಿ ಅಲ್ಲಿಗೇ ನಿಂತಿತು. ಆದ್ರ ರಾಜ ತಲಿ ಎತ್ತಲಿಲ್ಲ. "ದ್ಯಾಮವ್ವಾ, ಆಕಿ ಬೇಡಿದಾಗ ಇದನ್ನ ಯಾಕ ಹೇಳಲಿಲ್ಲ?"

"ನಾನೂ ಅದನ್ನ ಕುದುರಿ ಕಾಯ್ದೆ ಅಂತನ ತಿಳದಿದ್ದೆ ದೊರಿ. ಆಕಿ ಸತ್ತ ಮ್ಯಾಲೆ ಹೋಗಿ ಓದಿಸಿದೆ." ಅಂದು ಮುದುಕಿ ಹೋ ಅಂತ ಅತ್ತಳು.

ಅವತ್ತ ಅಜ್ಜನ ಹಲಗಿ ಕರಗಿಸಿ ಹೊಸಾದು ಕೆತ್ತಿಸಿದ್ರು. "ಹೊಸ್ತಿಲ ಒಳಗಿನ ಹೊಡೆತಾನೂ ಹೊಡೆತನ. ಹೊಡೆತ ತಿಂದಾಕಿ ಮಾತು ಮೊದಲ ಕೇಳಬೇಕು. ಮನಿ ಬಿಡಬೇಕಾದವ ಹೊಡೆದವ, ಆಕಿ ಅಲ್ಲ. ಮನ್ಯಾಗ ಇರಾಕ ಅಂಜಿಕಿ ಅಂದಾಕಿಗೆ ಅರಮನ್ಯಾಗ ಕೋಣಿ ಕೊಡಬೇಕು. ತಾನ ಹೊಂಟೇನಿ ಅನ್ನೋತನಕ ಯಾರೂ ಕಳಿಸಬಾರದು." ದ್ಯಾಮವ್ವ ಇನ್ನೊಂದು ಸಾಲು ಹಾಕಿಸಿದ್ಲು. "ಉಡಿ ಆಕಿ ಬಂದಾಗ ತುಂಬಬೇಕು, ಕಳಿಸೋವಾಗ ಅಲ್ಲ."

ಎಂಟು ದಿನಕ್ಕ ಒಬ್ಬಾಕಿ ಓಡಿ ಬಂದ್ಲು. ದ್ಯಾಮವ್ವ ಕೋಣಿ ಬಾಗಿಲಾ ತಗದು, ಒಳಗ ಕುಂದ್ರಿಸಿ ಉಡಿ ತುಂಬಿದ್ಲು. ಗಂಟು ಮಾತ್ರ ಕಟ್ಟಲಿಲ್ಲ. ಅದ ಅಕ್ಕಿ ತಗೊಂಡು ಒಲಿ ಮ್ಯಾಲೆ ಅನ್ನಕ್ಕಿಟ್ಟಳು.

ಕೇಳಿದ್ರಲ್ಲ? ನೀತಿ ಇಷ್ಟ: ಹೊಡೆತ ತಿಂದು ಬಂದಾಕಿಗೆ ಮರ್ಯಾದಿ ಮಾಡಿ ವಾಪಸ್ ಕಳಿಸೂದು ದಯಾ ಅಲ್ಲ, ಅದೂ ಒಂದು ಹೊಡೆತ. ಆಕೀನ್ನ ಕಾಯೋ ಕಾಯ್ದೆ ಆಕಿ ಜೀವ ಇರೋವಾಗ ಬರೀಬೇಕು. ನನ್ನ ಕಥಿ ಮುಗೀತು, ಏಳ್ರಿ ಇನ್ನ. ಹೊನ್ನವ್ವ ಬೇಡಿದ್ದು ಒಂದು ಮೂಲಿ, ಅದನ್ನೂ ನಾವು ಕೊಡಲಿಲ್ಲ.