ಜೇಡದ ಮರಿಗೆ ತಕ್ಕ ಮನೆ

ಸಣ್ಣ ಗಾಜಿನ ಜಾಡಿಯದು ಮರ್ಯಾದಸ್ಥ ಮನೆತನ. ಮೂರು ತಲೆಮಾರಿನಿಂದ ಕ್ಲೋಟಿಲ್ಡಾ ಟೀಚರ್ ಅವರ ಮನೆಯ ಕಪಾಟಿನಲ್ಲಿ ಒಂದು ಬಿರುಕೂ ಬಿಡದೆ ಬಾಳಿದವರು. ಈಗ ಅದರ ಮುಚ್ಚಳಕ್ಕೆ ತೂತು ಮಾಡಿ, ತಳಕ್ಕೆ ತೇವದ ಮಣ್ಣು ಹಾಕಿ, ಟೀಚರ್ ಉಗುರಿನಷ್ಟಿದ್ದ ಟರಾಂಟುಲಾ ಜೇಡದ ಮರಿಯನ್ನು ಸಾಕುತ್ತಿದ್ದರು.

ಪಕ್ಕದ ದೊಡ್ಡ ಗಾಜಿನ ಪೆಟ್ಟಿಗೆ ನಕ್ಕಿತು. “ಜಾಡಿಯಮ್ಮ, ಇದು ಮನೆಯೋ ಸೆರೆಮನೆಯೋ? ಮಗು ನನ್ನಲ್ಲಿ ಓಡಾಡಿ ಬೆಳೆಯಲಿ.”

ಜಾಡಿಯ ಮುಚ್ಚಳ ತೆರೆದಿದ್ದಾಗ ಮರಿ ಆಸೆಯಿಂದ ಪೆಟ್ಟಿಗೆಗೆ ಹೋಯಿತು. ಇರಲಿ ಎಂದು ಟೀಚರ್ ಅದರ ಊಟಕ್ಕೆ ಅಲ್ಲೇ ಒಂದು ಮಿಡತೆಮರಿ ಬಿಟ್ಟರು. ಮಿಡತೆ ದೂರದ ಮೂಲೆಯಲ್ಲಿ ಅಡಗಿತು. ಎಂಟು ದಿನ ಹುಡುಕಿ ಸೋತ ಮರಿ ಎತ್ತರದ ಗೋಡೆ ಹತ್ತಿ, ಜಾರಿ ಬಿದ್ದು, ಕಾಲು ಮುದುಡಿಕೊಂಡಿತು.

ಟೀಚರ್ ಅದನ್ನು ಮಿಡತೆಯ ಜೊತೆ ಜಾಡಿಗೆ ಮರಳಿಸಿದರು. ಅಲ್ಲಿ ಬೇಟೆ ಎರಡೇ ಹೆಜ್ಜೆ ದೂರ. ಮರಿ ಮೆಲ್ಲನೆ ಎದ್ದು ಉಂಡಿತು.

“ಬೇಟೆಯಾಡಲು ಬಾರದ ಮರಿ. ನನ್ನ ತಪ್ಪೇನು?” ಎಂದಿತು ಪೆಟ್ಟಿಗೆ.

“ನೀವು ನಿಮ್ಮ ಗೋಡೆಯನ್ನಷ್ಟೇ ಅಳೆದಿರಿ, ಮಗುವಿನ ಕಾಲನ್ನು ಅಳೆಯಲಿಲ್ಲ,” ಎಂದಿತು ಜಾಡಿ. “ನಮ್ಮ ಮನೆತನದವರು ಮನೆಗೆ ಬಂದವರನ್ನು ಎಂದೂ ಉಪವಾಸ ಕೆಡವಿಲ್ಲ. ನನ್ನನ್ನು ಸೆರೆಮನೆ ಎಂದದ್ದು ಹಾಗಿರಲಿ. ಮೊದಲು ಈ ಮಗುವಿನ ಕ್ಷಮೆ ಕೇಳಿ.”